ಸೊಮಾಲಿಯಾದ ತೊಟ್ಟಿಗೆ ದೋಹಾದ ನಕ್ಷೆ

ದೋಹಾದಲ್ಲಿ ನನ್ನ ಕೆಲಸ ಕಟ್ಟಡಗಳ ನಕ್ಷೆ ಬಿಡಿಸುವುದು. ಗೋಪುರಗಳಿಗೆ ಬೇಕಾದಷ್ಟು ಗೆರೆ ಎಳೆದಿದ್ದೇನೆ. ಆದರೆ ಅತಿ ಹೆಚ್ಚು ಸಲ ತಿದ್ದಿದ್ದು ಸೊಮಾಲಿಯಾದ ಹಳ್ಳಿಯೊಂದರ ಮಳೆನೀರಿನ ತೊಟ್ಟಿಯನ್ನು. ಅದು ನಮ್ಮ ಆಫೀಸಿನ ಡ್ರೈವರನ ಮನೆಯದು. ಯುದ್ಧದಲ್ಲಿ ಹಳೆಯದು ಒಡೆದುಹೋಗಿತ್ತು. ಈಗ ಗುಂಡಿನ ಸದ್ದು ನಿಂತಿದೆ. ಮುಂದಿನ ಮಳೆಯನ್ನು ಹಿಡಿದಿಟ್ಟುಕೊಂಡರೆ ಮನೆಯವರಿಗೆ ನೀರು ಉಂಟು, ಇಲ್ಲದಿದ್ದರೆ ಇಲ್ಲ.

ಮನೆಯಲ್ಲಿ ಎಷ್ಟು ಜನ ಎಂದು ಕೇಳಿ, ಅಳತೆ ಹಾಕಿ ಕೊಟ್ಟೆ. ರಜೆಗೆ ಹೋಗಿ ಬಂದವನು ನನ್ನ ಮೇಜಿನ ಹತ್ತಿರ ನಾಚುತ್ತ ನಿಂತ. ಮುರುಕು ಹಿಂದಿಯಲ್ಲಿ, "ಭಾಯಿ, ಸ್ವಲ್ಪ ದೊಡ್ಡದು ಮಾಡು. ಮಕ್ಕಳು ಜಾಸ್ತಿ ಆಗಿದ್ದಾರೆ" ಎಂದ.

ಪಕ್ಕದ ಮೇಜಿನ ಉಡುಪಿಯ ಇಂಜಿನಿಯರರಿಗೆ ಅಷ್ಟು ಸಾಕಿತ್ತು. "ತೊಟ್ಟಿ ದೊಡ್ಡದು ಮಾಡಿ ಎಂತ ಪ್ರಯೋಜನ ಮಾರಾಯ? ಇವನ ರಜೆ ಸಣ್ಣದು ಮಾಡ್ಬೇಕು." ಅದನ್ನೇ ಹಿಂದಿಯಲ್ಲೂ ಹೇಳಿದರು. ಡ್ರೈವರನೂ ನಕ್ಕ.

ಆಮೇಲೊಮ್ಮೆ ಒಂದು ವಾರ ಅವನು ದೊಡ್ಡ ಹೋಟೆಲೊಂದಕ್ಕೆ ಅತಿಥಿಗಳನ್ನು ಕರೆದೊಯ್ಯುತ್ತಿದ್ದ. ಯುದ್ಧ ಮುಗಿದ ದೇಶಗಳ ಜನಸಂಖ್ಯೆ, ಸುಸ್ಥಿರ ಅಭಿವೃದ್ಧಿ ಎಂದು ಅಲ್ಲಿ ದಿನವಿಡೀ ಭಾಷಣ, ನಡುನಡುವೆ ಬಫೆ.

"ಎಂತ ಹೇಳಿದ್ರಂತೆ?" ಎಂದೆ.

"ಜನ ಜಾಸ್ತಿ ಆದ್ರೆ ನೀರು ಸಾಲದಂತೆ. ನನ್ನ ಹೆಂಡತಿ ಇದನ್ನೇ ದಿನಾ ಫೋನಲ್ಲಿ ಹೇಳ್ತಾಳೆ. ಅವಳಿಗೆ ಮಾತ್ರ ಬಿರಿಯಾನಿ ಮಾಫಿ, ಇಲ್ಲವೇ ಇಲ್ಲ."

ಮಳೆಗೆ ಎರಡೇ ತಿಂಗಳಿರುವಾಗ ಮತ್ತೆ ನಕ್ಷೆ ಹಿಡಿದು ಬಂದ. ನನಗೆ ಸಿಟ್ಟು ಬಂತು. "ಆ ರಜೆಯ ಮೇಲೆ ನೀನು ಊರಿಗೇ ಹೋಗಿಲ್ಲ. ಈ ಮಕ್ಕಳು ಎಲ್ಲಿಂದ ಬಂದ್ವು?"

ಇಂಜಿನಿಯರರು ಕುರ್ಚಿ ತಿರುಗಿಸಿ ಕೂತರು.

"ಗಡಿಯಾಚೆಯ ನಿರಾಶ್ರಿತರ ಶಿಬಿರದಿಂದ. ಅದನ್ನು ಮುಚ್ತಾ ಇದ್ದಾರೆ. ಈಗ ಬಂದದ್ದು ಅಣ್ಣನ ಮಕ್ಕಳು. ಅಣ್ಣ ಇಲ್ಲ. ಮೊದಲು ಬಂದದ್ದು ಅಕ್ಕನವು. ನನ್ನವು ಎರಡೇ."

"ಮೊದಲೇ ಹೇಳ್ಬಾರ್ದಿತ್ತಾ?"

"ಎಷ್ಟು ಜನ ಅಂತ ಕೇಳಿದ್ರಿ, ಯಾರ ಮಕ್ಕಳು ಅಂತ ಕೇಳ್ಲಿಲ್ಲ. ಮತ್ತೆ, ಅಷ್ಟೂ ನನ್ನವೇ ಅಂತ ನೀವು ಅಂದುಕೊಂಡದ್ದರಿಂದ ನನಗೆ ಖುಷಿಯಾಗಿತ್ತು."

ಇಂಜಿನಿಯರರು ನಗಲಿಲ್ಲ. "ಎಲ್ಲರೂ ವಾಪಸ್ ಬರುವವರೆಗೆ ನಾವು ಗೆರೆ ಎಳೀತಾ ಕೂತರೆ ಮಳೆ ಹೋಗ್ತದೆ. ಇದನ್ನು ಈಗಲೇ ಕಟ್ಟಿಸು, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಡು" ಎಂದರು.

ಮಳೆಗೆ ಮೊದಲೇ ತೊಟ್ಟಿ ಎದ್ದಿತು. ಅವನ ಹೆಂಡತಿ ಕಳಿಸಿದ ವಿಡಿಯೊದಲ್ಲಿ ಕೆಂಪು ಮಳೆನೀರು ತೊಟ್ಟಿಗೆ ಧುಮುಕುತ್ತಿತ್ತು, ಸುತ್ತ ಮಕ್ಕಳು. ಇಂಜಿನಿಯರರು ಕನ್ನಡಕ ಏರಿಸಿ ತಲೆಗಳನ್ನು ಎಣಿಸತೊಡಗಿದರು, ಅರ್ಧಕ್ಕೇ ಬಿಟ್ಟರು.

"ಖಲಾಸ್. ಎರಡನೆಯದರ ನಕ್ಷೆ ತೆಗಿ ಮಾರಾಯ."