ಸ್ಕಾಟ್ಲೆಂಡಿನಲ್ಲೂ ಡ್ರೈವರ್

ನನ್ನ ಗಂಡನಿಗೆ ಆಗುಂಬೆ ಘಾಟಿಯ ಒಂದೊಂದು ತಿರುವೂ ಗೊತ್ತು. ಆಗುಂಬೆಯ ಸೂರ್ಯಾಸ್ತ ಮಾತ್ರ ಗೊತ್ತಿಲ್ಲ. ಬಾಡಿಗೆಗೆ ಬಂದವರು ಸೂರ್ಯ ಮುಳುಗುವುದನ್ನು ನೋಡಲು ಹೋದರೆ ಇವರು ಗಾಡಿಯ ಪಕ್ಕ ನಿಂತು ಗಾಜು ಒರೆಸುತ್ತಿರುತ್ತಾರೆ. ಕಾರ್ಕಳದ ಗೊಮ್ಮಟ ಬೆಟ್ಟದ ಬುಡದಲ್ಲಿ ಯಾವ ಮರದ ನೆರಳು ಎಷ್ಟು ಹೊತ್ತಿಗೆ ಎಲ್ಲಿಗೆ ಸರಿಯುತ್ತದೆ ಎಂದು ಕೇಳಿ, ಹೇಳುತ್ತಾರೆ. ಗೊಮ್ಮಟನ ಮುಖ ಹೇಗಿದೆ ಎಂದು ಕೇಳಿದರೆ ಕ್ಯಾಲೆಂಡರಿನಲ್ಲಿ ನೋಡಿದ್ದೇನೆ ಎನ್ನುತ್ತಾರೆ.

ಹೆಸರು ತಾರಾನಾಥ. ನಮ್ಮದು ಕಾಪು. ಅಂಬಾಸಿಡರ್ ಕಾರಿನ ಕಾಲದಿಂದ ಈಗಿನ ಟೆಂಪೋ ಟ್ರಾವೆಲರ್‌ವರೆಗೆ ಇವರು ಮಣಿಪಾಲದಲ್ಲಿ ಟೂರಿಸ್ಟ್ ಗಾಡಿ ಓಡಿಸಿದವರು. ಮಕ್ಕಳನ್ನು ಕಾಲೇಜಿಗೆ ಸೇರಿಸಲು ದೂರದೂರಿನಿಂದ ಬರುವ ಅಪ್ಪ ಅಮ್ಮಂದಿರು ಬಂದ ಕೆಲಸ ಮುಗಿದ ಕೂಡಲೇ ಕೊಲ್ಲೂರು, ಶೃಂಗೇರಿ, ಮಲ್ಪೆ ಎಂದು ಹೊರಡುತ್ತಾರಲ್ಲ, ಅವರನ್ನು ಸುತ್ತಿಸುವುದೇ ಇವರ ಜೀವನ. ಅವರು ದೇವರನ್ನು ನೋಡುತ್ತಾರೆ, ಇವರು ಅವರು ಬಿಟ್ಟುಹೋದ ಚಪ್ಪಲಿ ಮತ್ತು ಬ್ಯಾಗುಗಳನ್ನು ನೋಡಿಕೊಳ್ಳುತ್ತಾರೆ.

ನನ್ನ ಹೆಸರು ಕಮಲ. ಅಂಗನವಾಡಿಯಲ್ಲಿ ದುಡಿದು ನಿವೃತ್ತಳಾದವಳು. ಬೇರೆಯವರ ಮಕ್ಕಳ ಮೂಗು ಒರೆಸಿಯೇ ನನ್ನ ಆಯುಷ್ಯ ಸವೆದಿದೆ, ಅದರ ಬಗ್ಗೆ ನನಗೆ ದೂರಿಲ್ಲ. ದೂರು ಇರುವುದು ಒಂದೇ. ಮದುವೆಯಾದಂದಿನಿಂದ ನಾನೂ ಇವರೂ ಅಕ್ಕಪಕ್ಕ ನಿಂತು ಏನನ್ನೂ ನೋಡಿಲ್ಲ. ಹೆಜಮಾಡಿಯಲ್ಲಿ ನನ್ನ ತಂಗಿಯ ಮಗಳ ಮದುವೆಗೆ ಹೋದೆವು. ನನ್ನನ್ನು ಕಲ್ಯಾಣಮಂಟಪದ ಬಾಗಿಲಲ್ಲಿ ಇಳಿಸಿ ಗಾಡಿ ನಿಲ್ಲಿಸಲು ಹೋದ ಮನುಷ್ಯ, ಬಂದವರ ಕಾರುಗಳಿಗೆಲ್ಲ ಹಿಂದೆ ಮುಂದೆ ಕೈತೋರಿಸುತ್ತ ಅಲ್ಲೇ ಉಳಿದರು. ಊಟದ ಕೊನೆಯ ಪಂಕ್ತಿಯಲ್ಲಿ ನನಗೆ ಸಿಕ್ಕಿದರು. ನಮ್ಮ ಮಗಳು ತೃಪ್ತಿಯ ಮದುವೆಯಲ್ಲಿ ಧಾರೆ ಎರೆಯಲಿಕ್ಕೆ ಇವರನ್ನು ಪಾರ್ಕಿಂಗಿನಿಂದ ಹಿಡಿದು ತರಬೇಕಾಯಿತು. ಹುಟ್ಟು ಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟಿನಿಂದ ಬಂದ ಗುಣವಲ್ಲ, ಸ್ಟೀರಿಂಗಿನಿಂದ ಬಂದದ್ದು.

ತೃಪ್ತಿ ಗ್ಲಾಸ್ಗೋದ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡ ರೋಶನ್ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾನೆ. ಇಬ್ಬರಿಗೂ ಒಟ್ಟಿಗೆ ಒಂದು ವಾರ ರಜೆ ಸಿಕ್ಕಿದ್ದರಿಂದ ನಮ್ಮನ್ನು ಕರೆಸಿಕೊಂಡು ಸ್ಕಾಟ್ಲೆಂಡನ್ನು ಕಾರಿನಲ್ಲಿ ಸುತ್ತಿಸುವುದೆಂದು ತೀರ್ಮಾನವಾಯಿತು. ಆಮೇಲೆ ನಮ್ಮ ಮನೆಯಲ್ಲಿ ಸಂಜೆಯ ಧಾರಾವಾಹಿ ನಿಂತುಹೋಯಿತು. ಮಗಳು ಫೋನಿನಲ್ಲಿ ಮ್ಯಾಪು ಕಳುಹಿಸುವುದು, ನಾವು ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡುವುದು. ನಾನು ಸರೋವರ ಎಲ್ಲಿದೆ, ಕೋಟೆ ಎಲ್ಲಿದೆ ಎಂದು ಹುಡುಕಿದರೆ ಇವರ ಪ್ರಶ್ನೆಗಳೇ ಬೇರೆ.

"ಪೆಟ್ರೋಲ್ ಪಂಪ್ ಎಷ್ಟು ದೂರಕ್ಕೊಂದು ಉಂಟು? ಘಾಟಿ ಉಂಟಾ? ಪಾರ್ಕಿಂಗ್ ಎಲ್ಲಿ?"

"ಅಪ್ಪ, ನೀವು ಡ್ರೈವ್ ಮಾಡ್ಲಿಕ್ಕೆ ಇಲ್ಲ. ರೋಶನ್ ಮಾಡ್ತಾರೆ," ಎಂದು ಮಗಳು ನಗುತ್ತಿದ್ದಳು.

"ಗೊತ್ತುಂಟು. ಆದರೂ ಗೊತ್ತಿರಬೇಕಲ್ವಾ?"

ಸ್ಕೈ ಎಂಬ ದ್ವೀಪದ ಕ್ವಿರಾಂಗ್ ಎಂಬ ಜಾಗದ ಚಿತ್ರವನ್ನು ತೃಪ್ತಿ ಕಳುಹಿಸಿದ್ದಳು. ಹಸಿರು ಗುಡ್ಡ ಒಂದು ಕಡೆಯಿಂದ ಕುಸಿದು ಬಿದ್ದು ಹಾಗೇ ನಿಂತಿದೆ, ಕೆಳಗೆ ಪುಟ್ಟ ಕೊಳಗಳು, ಆಚೆ ಸಮುದ್ರ. ನನಗೆ ಬೇರೇನೂ ಬೇಡವಾಯಿತು. ಇವರ ಮುಂದೆ ಫೋನು ಹಿಡಿದು ಹೇಳಿದೆ, "ಇಲ್ಲಿ ನೀವು ಗಾಡಿಯಿಂದ ಇಳಿಯಬೇಕು. ನನ್ನ ಹತ್ತಿರ ನಿಂತು ನೋಡಬೇಕು. ಬೇರೆ ಎಲ್ಲಿಯೂ ಇಳಿಯದಿದ್ದರೆ ಪರವಾಗಿಲ್ಲ."

"ಆಯ್ತು ಮಾರಾಯ್ತಿ, ಇಳಿಯುವ. ಅದಕ್ಕೆ ಎಂತ?" ಎಂದರು.

ಅವರಿಗೆ ಅದು ಎಂತದೂ ಅಲ್ಲ. ಕುಚ್ಚಲಕ್ಕಿ, ಉಪ್ಪಿನಕಾಯಿ, ಒಣಸಿಗಡಿ ಚಟ್ನಿ ಕಟ್ಟುತ್ತ ನಾನು ಯೋಚಿಸಿದ್ದು ಅದೊಂದನ್ನೇ.

ಗ್ಲಾಸ್ಗೋದಿಂದ ಹೊರಟ ದಿನ ರೋಶನ್ ಸ್ಟೀರಿಂಗ್ ಹಿಡಿದ. ಒಳ್ಳೆಯ ಹುಡುಗ, ಆದರೆ ಡ್ರೈವಿಂಗ್ ಕಲಿತದ್ದು ಅಲ್ಲಿಗೆ ಹೋದ ಮೇಲೆ. ಪಕ್ಕದಲ್ಲಿ ಕೂತ ಇವರು ಊರು ದಾಟುವಷ್ಟರಲ್ಲಿ ಇಲ್ಲದ ಬ್ರೇಕನ್ನು ತುಳಿದು ತುಳಿದು ಸುಸ್ತಾದರು. ಲೋಮಂಡ್ ಸರೋವರ ಶುರುವಾಗಿ ರಸ್ತೆ ಇಕ್ಕಟ್ಟಾದಾಗ ಎದುರಿನಿಂದ ದೊಡ್ಡ ಲಾರಿ ಬಂತು. ರೋಶನ್ ಗಾಬರಿಯಿಂದ ಕಾರನ್ನು ಕಲ್ಲಿನ ಗೋಡೆಗೆ ಒತ್ತಿದ. ಅದನ್ನು ದಾಟಿಸಿ ಬದಿಗೆ ನಿಲ್ಲಿಸಿ ಬೆವರು ಒರೆಸಿಕೊಂಡ.

"ನೀವು ಸ್ವಲ್ಪ ರೆಸ್ಟ್ ಮಾಡಿ," ಎಂದರು ಇವರು, ಅಳಿಯನಿಗೆ ಬಹಳ ಮರ್ಯಾದೆಯಿಂದ.

"ಪರವಾಗಿಲ್ಲ ಮಾಮ, ನಾನು..."

"ಸ್ವಲ್ಪ ಹೊತ್ತು ಮಾತ್ರ."

ಎಡಗಡೆಯಲ್ಲೇ ಓಡಿಸುವ ದೇಶ, ನಮ್ಮ ಲೈಸೆನ್ಸೂ ಅಲ್ಲಿ ನಡೆಯುತ್ತದೆ. ಯಾವುದಕ್ಕೂ ಇರಲಿ ಎಂದು ಮಗಳು ಬಾಡಿಗೆ ಕಾರಿನವರಲ್ಲಿ ಅಪ್ಪನ ಹೆಸರನ್ನೂ ಸೇರಿಸಿದ್ದಳು. ಕುರಿಯನ್ನು ಕಾಯಲು ತೋಳನನ್ನು ಕರೆದ ಹಾಗಾಯಿತು. ಆ ಸ್ವಲ್ಪ ಹೊತ್ತು ಮೂರು ದಿನ ನಡೆಯಿತು.

ಇವರಿಗೆ ಖುಷಿಯಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿ ಒಂದೇ ಗಾಡಿ ಹೋಗುವಷ್ಟು ಅಗಲದ ರಸ್ತೆಗಳಿವೆ. ಅಲ್ಲಲ್ಲಿ ಬದಿಗೆ ಸರಿದು ನಿಲ್ಲಲು ಜಾಗ ಮಾಡಿ ಬೋರ್ಡು ಹಾಕಿದ್ದಾರೆ. ಎದುರಿನವರು ಕಂಡರೆ ಯಾರಿಗೆ ಆ ಜಾಗ ಹತ್ತಿರವೋ ಅವರು ನಿಲ್ಲುವುದು, ದಾಟುವವರು ಕೈ ಎತ್ತಿ ಉಪಕಾರ ಹೇಳುವುದು. ಇದನ್ನು ಕಂಡು ಇವರು ಮಗುವಿನ ಹಾಗೆ ಆಡಿದರು. ದೂರದಲ್ಲಿ ಗಾಡಿಯ ಚುಕ್ಕೆ ಕಂಡರೆ ಸಾಕು, ಬದಿಗೆ ನಿಂತು ಕಾಯುವುದು. "ನಮ್ಮ ಕಾರ್ಕಳ ರೂಟಿನ ಬಸ್ಸಿನವರನ್ನು ಇಲ್ಲಿ ತಂದು ಒಂದು ವಾರ ಬಿಡಬೇಕು," ಎಂದು ನಕ್ಕರು. ಆ ನಗುವನ್ನು ಕಂಡು ನನಗೆ ಆ ರಸ್ತೆಯ ಬಗ್ಗೆಯೇ ಹೊಟ್ಟೆಕಿಚ್ಚಾಯಿತು.

ಯಾಕೆಂದರೆ ಗಾಡಿ ನಿಂತ ಕೂಡಲೇ ಆ ನಗು ಹೋಗುತ್ತಿತ್ತು. ಗ್ಲೆನ್‌ಕೋ ಎಂಬ ಕಣಿವೆಯಲ್ಲಿ ಮೂರು ಕರಿ ಬೆಟ್ಟಗಳು ಮೈಮೇಲೆ ಬೀಳುವಂತೆ ನಿಂತಿದ್ದವು. ನಾವು ಮೂವರು ಇಳಿದೆವು. ಇವರು ಕಾರನ್ನು ತಿರುಗಿಸಿ ಮುಖ ರಸ್ತೆಗೆ ಮಾಡಿ ನಿಲ್ಲಿಸಿದರು, ನಾಲ್ಕೂ ಟಯರಿಗೆ ಒದ್ದು ನೋಡಿದರು, ಕರವಸ್ತ್ರ ತೆಗೆದು ಗಾಜು ಒರೆಸಿದರು. ಮಳೆ ಹನಿಯುತ್ತಿರುವಾಗ ಗಾಜು ಒರೆಸುವ ಮನುಷ್ಯನನ್ನು ನಾನು ಅಲ್ಲಿಯೇ ನೋಡಿದ್ದು. ಪಕ್ಕದ ಕಾರಿನ ಬಿಳಿಯ ಹೆಂಗಸು ನೋಡಿ ನಕ್ಕಳು. ನಾನು ಕೈಬೀಸಿ ಕರೆದೆ. ಇವರೂ ಕೈಬೀಸಿದರು, ನೀವು ಆರಾಮದಲ್ಲಿ ನೋಡಿ ಎನ್ನುವ ಹಾಗೆ. ಕೋಣನ ಮುಂದೆ ಕಿನ್ನರಿ ಬಾರಿಸಿ ನನ್ನ ಕೈ ನೋಯುತ್ತಿತ್ತು.

ದಿನ ಕಳೆದಂತೆ ನಾನು ಕರೆಯುವುದನ್ನು ಬಿಟ್ಟೆ. ಕಾರಿನಲ್ಲಿ ಹಿಂದಿನ ಸೀಟಿನಿಂದ ನನಗೆ ಕಾಣುತ್ತಿದ್ದದ್ದು ಇವರ ಕುತ್ತಿಗೆ. ಇಳಿದರೆ ಬೆಟ್ಟ, ಹತ್ತಿದರೆ ಕುತ್ತಿಗೆ. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ ಎನಿಸಿ ಬೇಸರವಾಗುತ್ತಿತ್ತು. ಇನ್ನು ಕ್ವಿರಾಂಗ್ ಒಂದು ಉಳಿದಿತ್ತು. ಅಲ್ಲಿಯೂ ಇವರು ಇಳಿಯದಿದ್ದರೆ ಇನ್ನು ಮುಂದೆ ಎಲ್ಲಿಗೂ ಒಟ್ಟಿಗೆ ಹೋಗುವುದಿಲ್ಲವೆಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ.

ಕ್ವಿರಾಂಗಿಗೆ ಹೊರಟ ದಿನ ಬೆಳಿಗ್ಗೆ ಸ್ಕೈ ದ್ವೀಪದ ಪೋರ್ಟ್ರೀ ಎಂಬ ಸಣ್ಣ ಪೇಟೆಯಲ್ಲಿ ತಿಂಡಿಗೆ ನಿಂತೆವು. ನಮ್ಮನ್ನು ಹೋಟೆಲಿನ ಮುಂದೆ ಇಳಿಸಿ ಇವರು ಜಾಗ ಹುಡುಕಲು ಹೋದರು. ಕಿಟಕಿಯ ಬಳಿ ನಾಲ್ಕು ಕುರ್ಚಿಯ ಮೇಜು ಸಿಕ್ಕಿತು. ಬಹಳ ಹೊತ್ತಾದರೂ ನಾಲ್ಕನೆಯ ಕುರ್ಚಿ ಖಾಲಿಯೇ ಇತ್ತು. ಅಷ್ಟರಲ್ಲಿ ಹೋಟೆಲಿನ ಹುಡುಗಿ ಬಂದು ತೃಪ್ತಿಯನ್ನು ಮೆಲ್ಲಗೆ ಕೇಳಿದಳು: ಅಡಿಗೆಮನೆಯ ಬಾಗಿಲ ಹತ್ತಿರ ಒಬ್ಬರು ಕೂತಿದ್ದಾರೆ, ತಾನು ಡ್ರೈವರ್, ಅದು ತನ್ನ ಪಾರ್ಟಿ, ಗಾಡಿ ಬಾಡಿಗೆಗೆ ಹಿಡಿದವರು ಎಂದು ನಿಮ್ಮನ್ನು ತೋರಿಸುತ್ತಿದ್ದಾರೆ, ಅವರ ಚಹಾವನ್ನು ನಿಮ್ಮ ಬಿಲ್ಲಿಗೆ ಸೇರಿಸಬಹುದೇ?

ತಿರುಗಿ ನೋಡಿದೆವು. ಮೂಲೆಯ ಸಣ್ಣ ಮೇಜಿನಲ್ಲಿ ಇವರು ಒಬ್ಬರೇ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಶೃಂಗೇರಿಯಲ್ಲಿ, ಕೊಲ್ಲೂರಿನಲ್ಲಿ, ಎಲ್ಲ ಊರಿನ ಹೋಟೆಲುಗಳಲ್ಲಿ ಡ್ರೈವರುಗಳು ಕೂರುವ ಹಾಗೆ. ಪಾರ್ಟಿಯವರು ಏಳುವ ಮೊದಲು ತಾವು ಮುಗಿಸಿ ಗಾಡಿಯ ಹತ್ತಿರ ಇರಬೇಕೆಂಬ ಆ ಅವಸರ ಬಾಯಿಯಲ್ಲಿತ್ತು. ತೃಪ್ತಿಯ ಮುಖ ಕೆಂಪಾಯಿತು. ಎದ್ದು ಬಾತ್ರೂಮಿಗೆ ಹೋದಳು. ಅಳಲಿಕ್ಕೆ ಹೋದಳೆಂದು ನನಗೂ ರೋಶನಿಗೂ ಗೊತ್ತಾಯಿತು.

ನಾನು ಬೈಯಲಿಕ್ಕೆಂದೇ ಎದ್ದು ಹೋದೆ. ಮೂರು ದಿನದ ಸಿಟ್ಟು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲಿ ಯಾಕೆ ಕೂತದ್ದು?" ಎಂದೆ.

ಇವರು ತಲೆ ಎತ್ತಿ ನನ್ನನ್ನು ನೋಡಿದರು, ಆಮೇಲೆ ಮೇಜನ್ನು, ಆಮೇಲೆ ಕಿಟಕಿಯ ಹತ್ತಿರ ಖಾಲಿ ಇದ್ದ ಕುರ್ಚಿಯನ್ನು. ತಾವು ಮಾಡಿದ್ದು ಆಗಷ್ಟೇ ಅವರಿಗೆ ತಿಳಿದದ್ದು.

"ಓ," ಎಂದರು. "ಗೊತ್ತೇ ಆಗ್ಲಿಲ್ಲ ಮಾರಾಯ್ತಿ. ಕಾಲು ಇಲ್ಲಿಗೇ ಬಂತು." ನಗಲು ನೋಡಿದರು, ಆಗಲಿಲ್ಲ. ಹತ್ತಿರದಿಂದ ನೋಡಿದೆ. ಕಣ್ಣು ಕೆಂಪಗೆ ಊದಿಕೊಂಡಿತ್ತು. ಬ್ರೆಡ್ಡು ಹಿಡಿದ ಬೆರಳುಗಳು ಈಗಲೂ ಸ್ಟೀರಿಂಗ್ ಹಿಡಿದ ಹಾಗೆ ಬಾಗಿದ್ದವು. ನನ್ನ ಬೈಗಳು ಎಲ್ಲಿಗೆ ಹೋಯಿತೋ.

"ನಿಮಗೆ ಸಾಕಾಗಲಿಲ್ವಾ?" ಎಂದು ಕೇಳಿದೆ.

ಇವರು ಚಹಾದ ಕಪ್ಪನ್ನು ಆಚೆ ಸರಿಸಿದರು. "ಸಾಕಾಗಿದೆ," ಎಂದರು.

"ಯಾವಾಗಿನಿಂದ?"

"ತುಂಬ ಸಮಯ ಆಯ್ತು. ಸಾಕು ಅಂತ ಒಮ್ಮೆ ಬಾಯಿಬಿಟ್ಟು ಹೇಳಿದರೆ ಮತ್ತೆ ಮರುದಿನ ಗಾಡಿ ತೆಗೀಲಿಕ್ಕೆ ಆಗುವುದಿಲ್ಲ ಅಲ್ವಾ? ಅದಕ್ಕೆ ಹೇಳ್ಲಿಲ್ಲ."

"ಕೀ ಕೊಡಿ."

ಕೊಟ್ಟರು. ಇಷ್ಟು ಸುಲಭದಲ್ಲಿ ಕೊಟ್ಟಾರೆಂದು ನಾನು ಎಣಿಸಿರಲಿಲ್ಲ. ಕೊಟ್ಟ ಮೇಲೆ, "ರೋಶನಿಗೆ ಹೇಳು, ಇಳಿತದಲ್ಲಿ ಬ್ರೇಕ್ ಮೇಲೆಯೇ ಕಾಲಿಡುವುದು ಬೇಡ," ಎಂದರು. ಅಷ್ಟಾದರೂ ಹೇಳದಿದ್ದರೆ ಇವರು ತಾರಾನಾಥ ಅಲ್ಲ.

ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂರಿಸಿದೆ. ಸ್ವಲ್ಪ ದೂರದವರೆಗೆ ಕಾಲು ಬ್ರೇಕ್ ಹುಡುಕುತ್ತಿತ್ತು. ತಿರುವಿನಲ್ಲಿ ಕೈ ಮುಂದಿನ ಸೀಟನ್ನು ಹಿಡಿಯುತ್ತಿತ್ತು. ಸಮುದ್ರದ ಬದಿಯ ರಸ್ತೆ, ಒಂದು ಕಡೆ ಬಂಡೆಗಳ ಸಾಲು, ಅಲ್ಲಲ್ಲಿ ಕುರಿ. "ಅಲ್ಲಿ ನೋಡಿ, ಜಲಪಾತ," ಎಂದೆ. ಹೂಂ ಎಂದರು. ಇನ್ನೊಂದು ತೋರಿಸಿದೆ. ಅದಕ್ಕೆ ಹೂಂ ಕೂಡ ಬರಲಿಲ್ಲ. ತಲೆ ನಿಧಾನಕ್ಕೆ ವಾಲಿ ನನ್ನ ಭುಜದ ಮೇಲೆ ಬಂದು ನಿಂತಿತು.

ಬಾಯಿ ಸ್ವಲ್ಪ ತೆರೆದಿತ್ತು. ಎರಡು ಅಂಗೈಗಳೂ ಮೇಲೆ ಮುಖ ಮಾಡಿ ತೊಡೆಯ ಮೇಲೆ ಬಿದ್ದಿದ್ದವು. ರೋಶನ್ ಎಂಥೆಂಥ ತಿರುವಿನಲ್ಲಿ ಗೇರು ಕಿರುಚಿಸಿದರೂ ಎಚ್ಚರವಾಗಲಿಲ್ಲ. ಕಾರು ಗುಡ್ಡದ ತುದಿ ಹತ್ತಿ ನಿಂತಿತು.

"ಬಂತು ಅಮ್ಮ, ಕ್ವಿರಾಂಗ್," ಎಂದಳು ತೃಪ್ತಿ. ಹಿಂದೆ ತಿರುಗಿ ಅಪ್ಪನನ್ನು ಕಂಡು ದನಿ ತಗ್ಗಿಸಿದಳು. "ಎಬ್ಬಿಸುವುದಾ?"

"ನೀವು ಮುಂದೆ ಹೋಗಿ. ನಾನು ಎಬ್ಬಿಸಿ ಕರ್ಕೊಂಡು ಬರ್ತೇನೆ."

ಅವರು ಹೋದರು. ಬೆಳಗಿನ ಮೋಡ ಹರಿದು ಬಿಸಿಲು ಬಿದ್ದಿತ್ತು. ನನ್ನ ಕಡೆಯ ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ವ್ಯಾನಿನ ಬೆನ್ನು ಮತ್ತು ಒಂದು ಅಂಗೈಯಷ್ಟು ಹಸಿರು. ಇನ್ನು ಹತ್ತು ಹೆಜ್ಜೆ ಇಟ್ಟರೆ ನಾನು ಊರಿನಿಂದ ಎಣಿಸಿಕೊಂಡು ಬಂದದ್ದೆಲ್ಲ ಅಲ್ಲೇ ಇತ್ತು. ಇವರನ್ನು ಒಮ್ಮೆ ಮುಟ್ಟಿದರೆ ಸಾಕು, ಎದ್ದುಬಿಡುತ್ತಾರೆ. ನಾನು ಹೇಳಿದ ಜಾಗದಲ್ಲಿ ಬಂದು ನಿಲ್ಲುತ್ತಾರೆ, ತೋರಿಸಿದ ಕಡೆ ನೋಡುತ್ತಾರೆ. ಈಗ ಬೇಡ ಎನ್ನಲಿಕ್ಕೆ ಕೀ ಕೂಡ ಅವರ ಹತ್ತಿರ ಇಲ್ಲ.

ಕೈ ಎತ್ತಿದೆ. ಇವರ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈ ಮನುಷ್ಯ ಇಷ್ಟು ಆಳವಾಗಿ ನಿದ್ರೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಅಳು ಬಂತು. ಭುಜ ಅಲುಗಬಾರದೆಂದು ಅದನ್ನೂ ಹಿಡಿದುಕೊಂಡೆ. ಎತ್ತಿದ ಕೈಯಿಂದ ಸೆರಗು ಎಳೆದು, ಇವರ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಅಡ್ಡ ಹಿಡಿದೆ.

ಎಷ್ಟು ಹೊತ್ತಾಯಿತೋ. ತೋಳು ಜೋಮು ಹಿಡಿದಿತ್ತು. ಗಾಳಿಗೆ ಕೂದಲೆಲ್ಲ ಕೆದರಿಕೊಂಡು ತೃಪ್ತಿ ಬಂದು ಮುಂದಿನ ಬಾಗಿಲು ತೆರೆದಳು.

"ಅಮ್ಮ, ನೀನು ಕೂಡ ಇಳಿಯಲೇ ಇಲ್ವಾ? ಇದನ್ನು ನೋಡ್ಲಿಕ್ಕೇ ಅಲ್ವಾ ನೀನು ಬಂದದ್ದು?"

"ಬಾಗಿಲು ಮೆಲ್ಲ ಹಾಕು," ಎಂದೆ.