ಬು ವಾರ್ಸಿನಿಯವರ ಕಪ್ಪೆಯ ಹೊಟ್ಟೆ

ಸೆಮಾರಾಂಗ್‌ನ ಸಾಕುಪ್ರಾಣಿ ಮಾರುಕಟ್ಟೆಯಲ್ಲಿ ನನ್ನದು ಬಣ್ಣದ ಮೀನುಗಳ ಅಂಗಡಿ. ಪಕ್ಕದ್ದು ಬು ವಾರ್ಸಿನಿಯವರದು; ಬು ಎಂದರೆ ನಮ್ಮಲ್ಲಿ ಅಮ್ಮ ಎಂದ ಹಾಗೆ. ಕಪ್ಪೆಗಳಿಗೂ ಹಕ್ಕಿಗಳಿಗೂ ಮೇವಾಗುವ ಚಿಮ್ಮಂಡೆ ಹುಳುಗಳನ್ನು ಮಾರುತ್ತಾರೆ. ಹದಿನೇಳು ವರ್ಷದಿಂದ ಇಬ್ಬರೂ ಒಂದೇ ತಗಡಿನ ಕೆಳಗೆ ಬೇಯುತ್ತಿದ್ದೇವೆ.

ಹುಳು ಮಾರುವುದು ಅವರ ಕಸುಬು. ಸಾಕಿದ ಕಪ್ಪೆಗಳ ಕಟ್ಟಿಕೊಂಡ ಹೊಟ್ಟೆ ಬಿಡಿಸುವುದು ಮಾತ್ರ ಜನ ಅವರ ತಲೆಗೆ ಕಟ್ಟಿದ ಕೆಲಸ. ನಮ್ಮೂರಿನವರಿಗೆ ಮನೆಯಲ್ಲಿ ಸಾಕಿದ, ಕಣ್ಣಿನ ಮೇಲೆ ಕೊಂಬಿನಂಥ ಮೊನೆಯಿರುವ ಕೊಂಬುಗಪ್ಪೆ ದುಂಡಗಿದ್ದಷ್ಟೂ ಹೆಮ್ಮೆ. ಅತಿ ದುಂಡನೆಯ ಕಪ್ಪೆಗೆ ಬಹುಮಾನ ಕೊಡುವ ಸ್ಪರ್ಧೆಗಳೂ ಇವೆ. ಹಾಗಾಗಿ ಹೊಟ್ಟೆ ಕಟ್ಟಿಕೊಂಡು ಊದಿದರೂ ಮೈ ಬಂತೆಂದು ಫೋಟೋ ತೆಗೆದು ಊರಿಗೆಲ್ಲ ಕಳಿಸುತ್ತಾರೆ. ಕಪ್ಪೆ ಕಣ್ಣು ಮುಚ್ಚಿ ಮಲಗಿದ ಮೇಲೆ ಡಬ್ಬಿ ಹಿಡಿದು ಇಲ್ಲಿಗೆ ಓಡಿ ಬರುತ್ತಾರೆ.

ವಾರ್ಸಿನಿ ಕೈ ಒದ್ದೆ ಮಾಡಿಕೊಂಡು, ಕಪ್ಪೆಯನ್ನು ಅಂಗೈಗೆ ತೆಗೆದುಕೊಂಡು, ಹೊಟ್ಟೆಯನ್ನು ಹೆಬ್ಬೆರಳಿಂದ ಮುಟ್ಟಿ ನೋಡುತ್ತಾರೆ. ಡಬ್ಬಿಯಲ್ಲಿ ಬಣ್ಣದ ಕಲ್ಲು ಹಾಸಿದ್ದರೆ ಮುಗಿಯಿತು, ಬೈಗುಳ ಶುರು. ಹುಳುವಿನ ಮೇಲೆ ಹಾರುವ ಕಪ್ಪೆ ಪಕ್ಕದ ಕಲ್ಲನ್ನೂ ಮರಳನ್ನೂ ಸೇರಿಸಿಯೇ ನುಂಗುತ್ತದೆ. ಕೆಳಗೆ ಒದ್ದೆ ಬಟ್ಟೆ ಬಿಟ್ಟು ಬೇರೇನೂ ಬೇಡ, ಹುಳುವನ್ನು ಚಿಮಟದಲ್ಲಿ ಹಿಡಿದು ಕೊಡಿ, ಕಪ್ಪೆಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡ ಹುಳು ಬೇಡ, ಬೆಳೆದ ಕಪ್ಪೆಗೆ ವಾರಕ್ಕೆ ಎರಡು ಸಲ ಸಾಕು. ಇಷ್ಟನ್ನೇ ಅವರು ಸಾವಿರ ಸಲ ಹೇಳಿರಬೇಕು. ಕೇಳಿದವರು ತಲೆಯಾಡಿಸಿ, ಹೋಗುವಾಗ ಎದುರಂಗಡಿಯಲ್ಲಿ ಮತ್ತೆ ಅದೇ ಕಲ್ಲು ಕೊಂಡದ್ದನ್ನು ನಾನೇ ನೋಡಿದ್ದೇನೆ.

ಅವರದೂ ಒಂದು ಕಪ್ಪೆಯಿತ್ತು. ಒಂಬತ್ತು ವರ್ಷದ ಹಿಂದೆ ಯಾರೋ ಗುಣಪಡಿಸಲು ಬಿಟ್ಟುಹೋದವರು ಮತ್ತೆ ಬರಲೇ ಇಲ್ಲ. ಹಸಿರಾಗಿ ದುಂಡಗೆ, ನಮ್ಮ ಕಡೆಯ ಬೆಲ್ಲ ತುಂಬಿದ ಹಸಿರು ಅಕ್ಕಿಯುಂಡೆಯಂತಿದ್ದುದಕ್ಕೆ ಆ ಸಿಹಿಯ ಹೆಸರನ್ನೇ ಇಟ್ಟರು, ಕ್ಲೆಪೋನ್.

ಈ ಬೇಸಿಗೆಯಲ್ಲಿ ಕ್ಲೆಪೋನ್ ತಿನ್ನುವುದನ್ನು ಬಿಟ್ಟಿತು. ಮಳೆಯಿಲ್ಲದ ಕಾಲ, ಬೇಸಿಗೆ ನಿದ್ದೆಗೆ ಮಲಗಿದೆ ಎಂದರು ವಾರ್ಸಿನಿ. ನಾನೂ ಇಣುಕಿ, ಅದರ ದುಂಡು ಹೊಟ್ಟೆ ನೋಡಿ, ಈ ಸಲ ಇದನ್ನು ಸ್ಪರ್ಧೆಗೆ ಕಳಿಸಿ ಬು, ಬಹುಮಾನ ಗ್ಯಾರಂಟಿ ಎಂದು ತಮಾಷೆ ಮಾಡಿದೆ. ಅವರೂ ನಕ್ಕರು. ನನ್ನ ಬಾಯಿಗೆ ಮಣ್ಣು ಹಾಕ.

ಹನ್ನೆರಡನೆಯ ದಿನ ಅದನ್ನು ಎತ್ತಿದ ವಾರ್ಸಿನಿ ಹಾಗೇ ಕೂತುಬಿಟ್ಟರು. ಹೊಟ್ಟೆ ಕಲ್ಲಿನಂತಾಗಿತ್ತು. ನಾನು ಡಬ್ಬಿಯಲ್ಲಿದ್ದ ಬಟ್ಟೆ ಸರಿಸಿ ನೋಡಿದರೆ ಕೆಳಗೆಲ್ಲ ತೆಂಗಿನ ನಾರಿನ ಪುಡಿ. ಬಟ್ಟೆ ಹಾಸಿದರೆ ದಿನಾ ಒಗೆಯಬೇಕು, ಸೋಪು ಹಾಕುವಂತಿಲ್ಲ, ಉಜ್ಜಿ ಉಜ್ಜಿ ಹಿಂಡಬೇಕು. ಅವರ ಮಣಿಕಟ್ಟು ಊದಿಕೊಂಡು ವರ್ಷವಾಗಿತ್ತು. ಉಪವಾಸದ ತಿಂಗಳು ಮುಗಿದ ಲೆಬಾರನ್ ಹಬ್ಬದಿಂದ ನಾರು ಹಾಸಿ, ಬಂದವರ ಕಣ್ಣಿಗೆಂದು ಮೇಲೊಂದು ತುಂಡು ಬಟ್ಟೆ ಮುಚ್ಚಿದ್ದರು.

ಪಶುವೈದ್ಯೆ ಎಕ್ಸ್‌ರೇ ತೆಗೆದು ನೋಡಿದರು. ಕೊಯ್ದು ತೆಗೆಯಬಹುದು, ಆದರೆ ಈ ವಯಸ್ಸಿನ ಕಪ್ಪೆ ಮತ್ತಿನಿಂದ ಏಳುವುದು ಅನುಮಾನ, ಮೂರು ದಿನ ಬೆಚ್ಚನೆಯ ನೀರಿನಲ್ಲೇ ನೋಡಿ ಎಂದರು. ಗದ್ದದವರೆಗೆ ಉಗುರುಬೆಚ್ಚಗಿನ ನೀರು, ಇಪ್ಪತ್ತು ನಿಮಿಷ, ಆಮೇಲೆ ಹೆಬ್ಬೆರಳಿಂದ ಹೊಟ್ಟೆಯನ್ನು ಹಿಂದಕ್ಕೆ ಮೆಲ್ಲಗೆ ನೀವುವುದು. ದಿನಕ್ಕೆ ನಾಲ್ಕು ಸಲ. ಆ ಮೂರು ದಿನ ವಾರ್ಸಿನಿ ಅಂಗಡಿಗೆ ಬಂದವರನ್ನೆಲ್ಲ ನನ್ನ ಕಡೆ ತೋರಿಸಿದರು. ಯಾರನ್ನೂ ಬೈಯಲಿಲ್ಲ.

ಮೂರನೆಯ ದಿನ, ಕಪ್ಪೆಯ ಹೊಟ್ಟೆ ನೀವುತ್ತಲೇ ನನಗೆ ಹೇಳಿದರು, "ಕುಂಚೊರೊ, ನಂಗೆ ಗೊತ್ತಿತ್ತು ಕಣೋ. ಗೊತ್ತಿಲ್ದೋರು ಮಾಡಿದ್ರೆ ತಪ್ಪು ಅಂತೀವಿ. ಗೊತ್ತಿದ್ದೂ ಮಾಡಿದ್ರೆ ಅದಕ್ಕೇನಂತಾರೆ?"

"ಸುಸ್ತು ಅಂತಾರೆ, ಬು," ಎಂದೆ.

ಮರುದಿನ ಬೆಳಿಗ್ಗೆ ನೀರಿನಲ್ಲಿ ಹೆಬ್ಬೆರಳ ಗಾತ್ರದ ನಾರಿನ ಗಂಟು ಬಿದ್ದಿತ್ತು. ಕ್ಲೆಪೋನ್ ಕಣ್ಣು ಬಿಟ್ಟುಕೊಂಡು ಕೂತಿತ್ತು. ನಾನು ಖುಷಿಯಲ್ಲಿ ಎದುರಂಗಡಿಯವನನ್ನೂ ಕೂಗಿ ಕರೆದೆ. ವಾರ್ಸಿನಿ ನಗಲಿಲ್ಲ. ಡಬ್ಬಿ ತೊಳೆದು, ಬಟ್ಟೆ ಹಾಸಿ, ಕಪ್ಪೆಯನ್ನು ಕೂರಿಸಿ, ನನ್ನ ಮೇಜಿನ ಮೇಲೆ ತಂದಿಟ್ಟರು.

"ಬದುಕ್ಕೊಂಡ. ಇನ್ಮೇಲೆ ನೀನು ಇಟ್ಕೋ."

ಡಬ್ಬಿಯನ್ನು ಅವರ ಕಡೆಗೇ ಸರಿಸಿದೆ. ದಿನಾ ಬಟ್ಟೆ ನಾನು ಒಗೆದು ಕೊಡುತ್ತೇನೆ, ಕಪ್ಪೆ ನಿಮ್ಮ ಹತ್ತಿರವೇ ಇರಲಿ ಎಂದೆ. ಮನಸ್ಸಿನಿಂದಲೇ ಹೇಳಿದ ಮಾತು ಅದು.

"ಎರಡು ತಿಂಗಳು ಒಗೀತೀಯಪ್ಪ. ಆಮೇಲೆ ಒಂದಿನ ಮರೀತೀಯ. ನಂಗೆ ಕೇಳೋಕೆ ನಾಚ್ಕೆ ಆಗುತ್ತೆ. ಮತ್ತೆ ನಾರು ಹಾಕ್ತೀನಿ."

ಹದಿನೇಳು ವರ್ಷ ನನ್ನನ್ನು ನೋಡಿದವರು ಅವರು. ಡಬ್ಬಿಯನ್ನು ನನ್ನ ಕಡೆಗೆ ಎಳೆದುಕೊಂಡೆ. ಅವರು ತಿರುಗಿ ಹೋಗಿ, ಅದಿದ್ದ ಜಾಗದಲ್ಲಿ ಚಿಮ್ಮಂಡೆಯ ಪೆಟ್ಟಿಗೆಯೊಂದನ್ನು ಎರಡೂ ಕೈಯಿಂದ ಕಷ್ಟಪಟ್ಟು ಎತ್ತಿಟ್ಟರು.