ಉಲ್ಕೆಯ ಸದ್ದಿಗೆ ಐದು ಹೂವು

ಆಕಾಶದಲ್ಲಿ ಚುಕ್ಕಿ ಜಾರಿದರೆ ಅದು ಆರುವುದರೊಳಗೆ ಐದು ಹೂವಿನ ಹೆಸರು ಹೇಳಬೇಕು. ಇದನ್ನು ಕಲಿಸಿದವರು ನಮ್ಮ ದೊಡ್ಡಮ್ಮ. ನನಗೆ ಮಾತು ಕಲಿಸಿದವರೂ ಅವರೇ. ಈಗ ಅವರ ಕಣ್ಣು ಪೂರ್ತಿ ಮಂಜಾಗಿದೆ. "ಇನ್ನ ಚುಕ್ಕಿ ಜಾರೋದು ನನಗೆಲ್ಲಿ ಕಾಣ್ತೈತೆ" ಎಂದು ಒಮ್ಮೆ ಅವರು ಅಂದದ್ದು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಕಾಣದಿದ್ದರೇನು, ಕೇಳಿಸುತ್ತೇನೆ ಎಂದು ಮಾತು ಕೊಟ್ಟೆ.

ದಕ್ಷಿಣದ ಕರಾವಳಿಯಲ್ಲೊಂದು ರೇಡಾರ್ ಇದೆ. ಅದರ ರೇಡಿಯೊ ಅಲೆ ಮಾಮೂಲಾಗಿ ನಮ್ಮ ಕಡೆ ಮುಟ್ಟುವುದಿಲ್ಲ. ಉಲ್ಕೆಯೊಂದು ಉರಿದು ಗೆರೆ ಎಳೆದಾಗ ಮಾತ್ರ ಅಲೆ ಆ ಗೆರೆಗೆ ತಾಗಿ ಇತ್ತ ಚಿಮ್ಮುತ್ತದೆ, ರಿಸೀವರ್ "ಕುಂಯ್" ಎನ್ನುತ್ತದೆ. ಹಗಲಾದರೂ ಸೈ, ಮೋಡವಿದ್ದರೂ ಸೈ. ಮಂಡಿಪೇಟೆಯ ನನ್ನ ಮನೆಯಲ್ಲಿ ಅಂಗಡಿಗಳ ಮೋಟಾರು, ಲೈಟುಗಳ ಗೊರಗೊರದಲ್ಲಿ ಏನೂ ಕೇಳುತ್ತಿರಲಿಲ್ಲ. ಹಾಗಾಗಿ ಹರಿಹರದಲ್ಲಿ ದೊಡ್ಡಮ್ಮನ ಮನೆಯ ಮಾಳಿಗೆ ಮೇಲೆಯೇ ದಕ್ಷಿಣಕ್ಕೆ ಮುಖ ಮಾಡಿ ಆಂಟೆನಾ ನಿಲ್ಲಿಸಿದೆ. ಮೊದಲ ದಿನ ಎರಡು ಸಲ ಕುಂಯ್ ಎಂದಿತು. ದೊಡ್ಡಮ್ಮ ಪೂಜೆಗೆ ಕೂತಿದ್ದರು.

ಆಮೇಲಿನ ಮೂರು ಭಾನುವಾರ ಬರೀ ಸುಸ್ಸ್. ಅವರು ಹೆಡ್‌ಫೋನ್ ಹಾಕಿಕೊಂಡು ತಾಳ್ಮೆಯಿಂದ ಕೂರುತ್ತಿದ್ದರು. "ಒಗ್ಗರಣೆ ಸಪ್ಪಳ ಬರ್ತೈತೆ ತಮ್ಮಾ. ಚುಕ್ಕಿ ಇಲ್ಲ." ನಾನು ಕೆಳಗಿನ ರಿಸೀವರ್ ಪೆಟ್ಟಿಗೆಯನ್ನೇ ಬಿಚ್ಚಿ ಕಟ್ಟಿದೆ. ಮೇಲೆ ಹತ್ತಿ ನೋಡುವ ಬುದ್ಧಿ ಬಂದದ್ದು ನಾಲ್ಕನೇ ವಾರ. ಆಂಟೆನಾ ಪೂರ್ವಕ್ಕೆ ತಿರುಗಿ ನಿಂತಿತ್ತು. ಕಂಬಕ್ಕೆ ಮೂರು ಗೆರೆ ವಿಭೂತಿ.

"ಇದನ್ನ ಯಾರು ತಿರುಗಿಸಿದ್ದು, ದೊಡ್ಡಮ್ಮ?"

"ನಾನೇ, ಹಾಲಿನವನ ಕೈಲಿ. ತೆಂಕಲಿಗೆ ಮುಖ ಮಾಡಿ ನಿಂತೈತೆ ಅಂದ. ಯಮನ ದಿಕ್ಕು. ಮನಿ ಮ್ಯಾಲೆ ಯಾರಾದ್ರೂ ಹಂಗೆ ನಿಲ್ಲಿಸ್ತಾರೇನು?"

"ಆ ರೇಡಾರ್ ಇರೋದೇ ಆ ಕಡೆ."

ದೊಡ್ಡಮ್ಮ ಹೆಡ್‌ಫೋನ್ ತಲೆಗೇರಿಸಿಕೊಂಡರು. "ಹಂಗಾದ್ರೆ ತಿರುಗ್ಸು. ಇಷ್ಟು ವರ್ಷ ನನ್ನ ಬಿಟ್ಟಾನೆ, ಇನ್ನೊಂದು ತಾಸು ತಡಕೊಂಡಾನು."

ತಿರುಗಿಸಿ ಬಂದು ಕೂತೆ. ಬೆಳಗಿನ ಹತ್ತು ಗಂಟೆ, ಹೊರಗೆ ಚುರುಚುರು ಬಿಸಿಲು. ತಟ್ಟನೆ ದೊಡ್ಡಮ್ಮ ನನ್ನ ಮುಂಗೈ ಹಿಡಿದರು. ಮುಖ ಮೇಲೆತ್ತಿ ಒಂದೇ ಉಸಿರಿಗೆ, "ಮಲ್ಲಿಗೆ, ಸಂಪಿಗೆ, ಸೇವಂತಿಗೆ, ಕನಕಾಂಬ್ರ, ಚೆಂಡೂವು" ಎಂದರು. ತುಸು ಹೊತ್ತಿಗೆ ಮತ್ತೊಂದು ಬಂತು, ಅದರ ಹಿಂದೆಯೇ ಇನ್ನೊಂದು.

"ತಮ್ಮಾ, ನನ್ನ ಹೂವು ತೀರಿದ್ವು. ನೀನೂ ಒಂದೆರಡು ಹೇಳು."

"ಚೆಂಡೂವು" ಎಂದೆ.

"ಅದು ಆಗ್ಲೇ ಆಗೈತೆ. ಬ್ಯಾರೆ ಹೇಳು, ಲಗೂನ" ಎಂದರು, ಕೈ ಬಿಡದೆ.